ಮೈಬಿಗಿ ಉಡುಪೋ, ಗಾಳಿ ತುಂಬಿದ ಉಡುಪೋ: ನಿರ್ವಾತಕ್ಕೆ ಹೊಲಿಯುವ ಮುನ್ನ ಒಂದು ಹೋಲಿಕೆ

ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಅಂತಿಮ ವರ್ಷದ ಮಕ್ಕಳ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುತ್ತೇನೆ. ಈ ವರ್ಷ ನಾಲ್ವರ ತಂಡವೊಂದು ಬಾಹ್ಯಾಕಾಶ ಉಡುಪಿನ ವಿನ್ಯಾಸವನ್ನು ವಿಷಯವಾಗಿ ಆರಿಸಿಕೊಂಡಿತು. ಆ ತಂಡದ ಒಬ್ಬ ಹುಡುಗಿಯ ಮನೆಯಲ್ಲಿ ಎರಡು ತಲೆಮಾರಿನಿಂದ ಜೀನ್ಸ್ ಹೊಲಿಗೆಯ ಕೆಲಸ ನಡೆಯುತ್ತಿದೆ. ಮೊದಲ ದಿನವೇ ಅವಳು ಕೇಳಿದ ಪ್ರಶ್ನೆ ಹೀಗಿತ್ತು: "ಸರ್, ಮೈಗೆ ಬೇಕಾಗಿರುವುದು ಒತ್ತಡ ತಾನೇ? ಅದನ್ನು ಬಿಗಿಯಾದ ಬಟ್ಟೆಯೇ ಕೊಡುವುದಾದರೆ ಗಾಳಿಯನ್ನು ಏಕೆ ತುಂಬಬೇಕು?" ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವಿಲ್ಲ. ಅವರಿಗೆ ಹಲವು ವಾರ ವಿವರಿಸಿದ್ದನ್ನು, ಇದೇ ಆಯ್ಕೆಯ ಮುಂದೆ ನಿಂತ ಬೇರೆಯವರಿಗೂ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೈಗೆ ಎಷ್ಟು ಒತ್ತಡ ಬೇಕು ಎಂಬುದನ್ನು ತಿಳಿಯಬೇಕು. ಸುಮಾರು 19 ಕಿಲೋಮೀಟರ್ ಎತ್ತರದಲ್ಲಿ ವಾಯುಒತ್ತಡವು 47 ಮಿಲಿಮೀಟರ್ ಪಾದರಸಕ್ಕೆ ಇಳಿಯುತ್ತದೆ. ಆ ಒತ್ತಡದಲ್ಲಿ ನೀರು ನಮ್ಮ ಮೈಯ ಬಿಸಿಯಲ್ಲೇ, ಅಂದರೆ 37 ಡಿಗ್ರಿಯಲ್ಲೇ ಕುದಿಯುತ್ತದೆ. 1966ರಲ್ಲಿ ಹ್ಯೂಸ್ಟನ್‌ನ ನಿರ್ವಾತ ಕೊಠಡಿಯಲ್ಲಿ ಉಡುಪಿನ ಪರೀಕ್ಷೆ ನಡೆಯುತ್ತಿದ್ದಾಗ ಒತ್ತಡದ ಕೊಳವೆ ಕಳಚಿಕೊಂಡು ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರು ಸುಮಾರು 14 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಿದರು. ನಾಲಿಗೆಯ ಮೇಲಿನ ಎಂಜಲು ಗುಳ್ಳೆಯೇಳುತ್ತಿದ್ದುದೇ ಅವರಿಗೆ ಉಳಿದ ಕೊನೆಯ ನೆನಪು. ಕೂಡಲೇ ಗಾಳಿ ತುಂಬಿದ್ದರಿಂದ ಅವರು ಬದುಕುಳಿದರು. ಕುದಿಯನ್ನು ತಡೆಯಲು 47 ಮಿಲಿಮೀಟರ್ ಸಾಕೆನಿಸಿದರೂ ಉಸಿರಾಟಕ್ಕೆ ಅಷ್ಟು ಸಾಲದು. ಹಿಂದೆ ಅಮೆರಿಕದ ನೌಕೆಗಳಲ್ಲಿ ಬಳಸುತ್ತಿದ್ದ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಈಗಲೂ ಬಳಕೆಯಲ್ಲಿರುವ ಅಮೆರಿಕದ ಉಡುಪು ಶುದ್ಧ ಆಮ್ಲಜನಕವನ್ನು 29.6 ಕಿಲೋಪ್ಯಾಸ್ಕಲ್, ಅಂದರೆ 222 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇರಿಸುತ್ತದೆ. ರಷ್ಯದ ಓರ್ಲಾನ್ ಉಡುಪಿನ ಒತ್ತಡ ಸುಮಾರು 40 ಕಿಲೋಪ್ಯಾಸ್ಕಲ್. ಕೆಳಗಿನ ಲೆಕ್ಕಗಳಿಗೆಲ್ಲ ನಾನು 222 ಮಿಲಿಮೀಟರ್ ಅನ್ನೇ ಹಿಡಿದಿದ್ದೇನೆ.

ಈ ಸಂಖ್ಯೆಯ ಅರ್ಥ ಮನಸ್ಸಿಗೆ ಇಳಿಯಲು ಒಂದು ಹೋಲಿಕೆ ಸಾಕು. ದಿನವಿಡೀ ನಿಂತು ದುಡಿದು ಕಾಲಿನ ನರ ಉಬ್ಬಿಸಿಕೊಂಡವರಿಗೆ ವೈದ್ಯರು ಬರೆದುಕೊಡುವ ಬಿಗಿ ಕಾಲುಚೀಲದ ಒತ್ತಡ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇರುತ್ತದೆ. ಅದನ್ನು ಬೆಳಿಗ್ಗೆ ಏರಿಸಿಕೊಳ್ಳಲು ಪಡುವ ಪಾಡನ್ನು ನೀವು ಮನೆಯಲ್ಲಿ ಯಾರಿಂದಲಾದರೂ ಕೇಳಿರಬಹುದು. ಮೈಬಿಗಿ ಬಾಹ್ಯಾಕಾಶ ಉಡುಪು ಅದರ ಏಳು ಪಟ್ಟಿಗೂ ಹೆಚ್ಚು ಒತ್ತಡವನ್ನು, ಇಡೀ ಮೈಗೆ, ಒಂದೇ ಸಮನಾಗಿ ಕೊಡಬೇಕು.

ಆಯ್ಕೆಗಳು

ಒಟ್ಟು ನಾಲ್ಕು ದಾರಿಗಳಿವೆ. ಮೊದಲನೆಯದು ಗಾಳಿ ತುಂಬಿದ ಮೆದು ಉಡುಪು. ಎರಡನೆಯದು ಲೋಹದ ಅಥವಾ ಸಂಯುಕ್ತ ವಸ್ತುವಿನ ಗಟ್ಟಿ ಕವಚ. ಮೂರನೆಯದು ಪೂರ್ತಿ ಮೈಬಿಗಿ ಉಡುಪು. ನಾಲ್ಕನೆಯದು ತಲೆ ಮತ್ತು ಮುಂಡಕ್ಕೆ ಗಾಳಿ, ಕೈಕಾಲಿಗೆ ಬಿಗಿ ಬಟ್ಟೆ ಇರುವ ಮಿಶ್ರ ಉಡುಪು. ತಲೆಗೆ ಮಾತ್ರ ಎಲ್ಲ ದಾರಿಗಳಲ್ಲೂ ಗಾಳಿ ತುಂಬಿದ ಶಿರಸ್ತ್ರಾಣವೇ ಬೇಕು, ಏಕೆಂದರೆ ಮೂಗು, ಬಾಯಿ, ಕಣ್ಣುಗಳಿಗೆ ಬಟ್ಟೆ ಸುತ್ತಲಾಗದು. ಗಗನಯಾನದಂತಹ ಯೋಜನೆಗಳಲ್ಲಿ ಉಡಾವಣೆ ಮತ್ತು ಇಳಿಕೆಯ ವೇಳೆ ಕ್ಯಾಬಿನ್ನಿನ ಒಳಗೆ ಧರಿಸುವ ಉಡುಪು ಈ ಹೋಲಿಕೆಗೆ ಸೇರುವುದಿಲ್ಲ. ಅದು ಅಪಘಾತದ ವೇಳೆ ಜೀವ ಉಳಿಸಲು ಇರುವುದೇ ಹೊರತು ಹೊರಗೆ ನಿಂತು ಗಂಟೆಗಟ್ಟಲೆ ದುಡಿಯಲು ಅಲ್ಲ. ಹಾಗೆಯೇ ರಷ್ಯನ್ನರ 'ಪೆಂಗ್ವಿನ್' ಎಂಬ ಬಿಗಿ ಉಡುಪನ್ನು ನೋಡಿ ಇದೇ ಅದು ಎಂದುಕೊಳ್ಳಬೇಡಿ. ಅದು ತೂಕವಿಲ್ಲದ ಸ್ಥಿತಿಯಲ್ಲಿ ಸ್ನಾಯುಗಳಿಗೆ ಭಾರ ಕೊಡುವ ಉಡುಪು. ನಿರ್ವಾತದಲ್ಲಿ ಅದರಿಂದ ಉಪಯೋಗವಿಲ್ಲ.

ಗಾಳಿ ತುಂಬಿದ ಉಡುಪಿನ ಗುಣದೋಷ

ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆದು ಅದನ್ನು ಮಡಚಲು ನೋಡಿ. ಮಡಚಿದ ಕಡೆ ಒಳಗಿನ ಜಾಗ ಕಿರಿದಾಗುತ್ತದೆ, ಗಾಳಿ ಅದನ್ನು ಒಪ್ಪುವುದಿಲ್ಲ, ಕೈಬಿಟ್ಟ ಕೂಡಲೇ ಟ್ಯೂಬು ನೆಟ್ಟಗಾಗುತ್ತದೆ. ಗಾಳಿ ತುಂಬಿದ ಉಡುಪಿನ ಮೂಲ ದೋಷ ಇದೇ. ಮೊಣಕೈ ಮಡಚಿದಾಗಲೆಲ್ಲ ಗಗನಯಾತ್ರಿಯು ತನ್ನ ಉಡುಪಿನ ವಿರುದ್ಧವೇ ದುಡಿಯುತ್ತಾನೆ. 1965ರ ಮಾರ್ಚ್ 18ರಂದು ಮೊದಲ ಬಾರಿಗೆ ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಬಂದ ಅಲೆಕ್ಸಿ ಲಿಯೊನೋವ್ ಅವರ ಉಡುಪು ಉಬ್ಬಿ ಬಿರುಸಾಗಿ, ಮರಳಿ ಒಳಗೆ ಬರಲಾಗದೆ, ಅವರು ಉಡುಪಿನ ಒತ್ತಡವನ್ನು ತಾವೇ ಇಳಿಸಿಕೊಳ್ಳಬೇಕಾಯಿತು. ಮರುವರ್ಷ ಜೆಮಿನಿ 9ರಲ್ಲಿ ಯೂಜೀನ್ ಸರ್ನನ್ ಅವರು ಉಡುಪಿನೊಡನೆ ಹೆಣಗಿ ಹೆಣಗಿ ಬೆವರಿ, ಶಿರಸ್ತ್ರಾಣದ ಗಾಜು ಮಂಜಾಗಿ ಏನೂ ಕಾಣದಂತಾದರು.

ಅಲ್ಲಿಂದ ಇಲ್ಲಿಯವರೆಗೆ ವಿನ್ಯಾಸಕಾರರು ಕೀಲುಗಳಲ್ಲಿ ನೆರಿಗೆ, ಬೇರಿಂಗ್, ಹಗ್ಗದ ತಡೆಗಳನ್ನು ಕೂಡಿಸುತ್ತ, ಮಡಚಿದಾಗಲೂ ಒಳಗಿನ ಗಾತ್ರ ಬದಲಾಗದಂತೆ ನೋಡಿಕೊಂಡಿದ್ದಾರೆ. ಮೊಣಕೈ, ಭುಜಗಳಲ್ಲಿ ಇದು ಬಹುಮಟ್ಟಿಗೆ ಗೆದ್ದಿದೆ. ಕೈಬೆರಳಲ್ಲಿ ಗೆದ್ದಿಲ್ಲ. ಗಂಟೆಗಟ್ಟಲೆ ಗಾಳಿಯ ವಿರುದ್ಧ ಮುಷ್ಟಿ ಹಿಡಿದು ಬಿಟ್ಟು ಮಾಡಿದ ಗಗನಯಾತ್ರಿಗಳ ಬೆರಳುಗುರು ಎದ್ದುಬಂದ ಪ್ರಸಂಗಗಳು ಹಲವಾರು ದಾಖಲಾಗಿವೆ. ಇದರ ಜೊತೆಗೆ ಬೆನ್ನಚೀಲ ಸೇರಿ ನೂರು ಕಿಲೋ ಮೀರುವ ಭಾರ, ಒಳಗಿನ ಬಿಸಿಯನ್ನು ಹೊರಹಾಕಲು ಮೈಗೆ ಸುತ್ತಿದ ಸುಮಾರು 90 ಮೀಟರ್ ನೀರಿನ ಕೊಳವೆ, ಆ ನೀರಿನ ವ್ಯವಸ್ಥೆ ಕೆಟ್ಟರೆ ಬರುವ ಅಪಾಯ ಇವೆಲ್ಲವೂ ಇವೆ. 2013ರ ಜುಲೈಯಲ್ಲಿ ಲೂಕಾ ಪರ್ಮಿಟಾನೊ ಅವರ ಶಿರಸ್ತ್ರಾಣದೊಳಗೆ ಲೀಟರಿಗೂ ಹೆಚ್ಚು ನೀರು ಸೇರಿ, ಬಾಹ್ಯಾಕಾಶದಲ್ಲಿ ಮುಳುಗಿ ಸಾಯುವ ಭಯ ಎದುರಾಗಿತ್ತು.

ಇಷ್ಟಾದರೂ ಇದರ ಪರವಾಗಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಾಳಿಗೆ ಮೈಯ ಆಕಾರದ ಹಂಗಿಲ್ಲ. ಕಂಕುಳು, ಬೆನ್ನಿನ ನಡುಗೆರೆ, ಅಂಗೈಯ ತಗ್ಗು ಎಲ್ಲಿ ಹೋದರೂ ಅದು ಒಂದೇ ಒತ್ತಡ ಕೊಡುತ್ತದೆ. ಬಾಹ್ಯಾಕಾಶದಲ್ಲಿ ಇದುವರೆಗೆ ನೌಕೆಯ ಹೊರಗೆ ನಡೆದವರೆಲ್ಲರೂ ಗಾಳಿ ತುಂಬಿದ ಉಡುಪಿನಲ್ಲೇ ನಡೆದಿದ್ದಾರೆ; ಪೂರ್ತಿ ಮೈಬಿಗಿ ಉಡುಪನ್ನು ತೊಟ್ಟು ಯಾರೂ ಹೊರಗೆ ಹೋಗಿಲ್ಲ.

ಗಟ್ಟಿ ಕವಚದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 1980ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರ ರೂಪಿಸಿದ ಎಎಕ್ಸ್-5 ಎಂಬ ಅಲ್ಯೂಮಿನಿಯಂ ಕವಚದಲ್ಲಿ ಕೀಲುಗಳೆಲ್ಲ ತಿರುಗುವ ಉಂಗುರಗಳಾಗಿದ್ದುದರಿಂದ ಹೆಚ್ಚಿನ ಒತ್ತಡದಲ್ಲೂ ಅದು ಸುಲಭವಾಗಿ ಬಾಗುತ್ತಿತ್ತು. ಆದರೆ ಅದು ಮಡಚಿಡಲು ಬಾರದು, ಪ್ರತಿಯೊಬ್ಬರ ಅಳತೆಗೆ ಹೊಂದಿಸುವುದು ಕಷ್ಟ, ಕೈಗವಸಿನ ಸಮಸ್ಯೆಯೂ ಬಗೆಹರಿಯುವುದಿಲ್ಲ. ವಿದ್ಯಾರ್ಥಿ ತಂಡಕ್ಕೆ ಇದು ತಕ್ಕ ದಾರಿಯಲ್ಲ.

ಮೈಬಿಗಿ ಉಡುಪು: ಆಸೆಯೂ ಲೆಕ್ಕವೂ

ಅಮೆರಿಕದ ವೈದ್ಯ ಪಾಲ್ ವೆಬ್ 1960ರ ದಶಕದಲ್ಲಿ ಎಲಾಸ್ಟಿಕ್ ಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದು ತೊಡಿಸಿ ಒತ್ತಡ ಕೊಡುವ ಉಡುಪನ್ನು ಮಾಡಿ, ನಿರ್ವಾತ ಕೊಠಡಿಯಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದರು. ತೊಟ್ಟವರು ಗಾಳಿಯ ಉಡುಪಿಗಿಂತ ಬಹಳ ಕಡಿಮೆ ಶ್ರಮದಲ್ಲಿ ನಡೆದಾಡಿದರು. ಆ ಪರೀಕ್ಷೆಗಳಿಂದ ತಿಳಿದ ದೊಡ್ಡ ಸಂಗತಿಯೆಂದರೆ ನಮ್ಮ ಚರ್ಮವೇ ಗಾಳಿ ಸೋರದ ಚೀಲ; ಅದಕ್ಕೆ ಬೇಕಾಗಿರುವುದು ಉಬ್ಬದಂತೆ ಹಿಡಿಯುವ ಆಸರೆ ಮಾತ್ರ. 1960ರಲ್ಲಿ ಬಲೂನಿನಲ್ಲಿ 31 ಕಿಲೋಮೀಟರ್ ಎತ್ತರಕ್ಕೆ ಏರಿದ ಜೋಸೆಫ್ ಕಿಟಿಂಜರ್ ಅವರ ಬಲಗೈ ಗವಸಿನ ಒತ್ತಡ ತಪ್ಪಿ ಕೈ ಊದಿಕೊಂಡು ಕೆಲಸಕ್ಕೆ ಬಾರದಾಯಿತು, ಆದರೆ ಇಳಿದ ಕೆಲವೇ ಗಂಟೆಗಳಲ್ಲಿ ಮೊದಲಿನಂತಾಯಿತು. ಗಾಳಿಯ ಉಡುಪಿನಲ್ಲಿ ತೂತು ಬಿದ್ದರೆ ಇಡೀ ಉಡುಪಿಗೆ ಅಪಾಯ. ಮೈಬಿಗಿ ಉಡುಪಿನಲ್ಲಿ ಹರಿದ ಕಡೆ ಮಾತ್ರ ಊತ ಬರುತ್ತದೆ. ನನ್ನ ಮಟ್ಟಿಗೆ ಈ ಉಡುಪಿನ ಅತಿ ದೊಡ್ಡ ಗುಣ ಇದು.

ಎರಡನೆಯ ಗುಣ ತಂಪು. ರಾಯಚೂರಿನ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದು ಹೇಗೋ, ಹಾಗೆಯೇ ರಂಧ್ರವಿರುವ ಅರಿವೆಯ ಮೂಲಕ ಬೆವರು ನೇರವಾಗಿ ನಿರ್ವಾತಕ್ಕೆ ಆವಿಯಾಗಿ ಮೈ ತಂಪಾಗುತ್ತದೆ. ನೀರಿನ ಕೊಳವೆ, ಪಂಪು ಯಾವುದೂ ಬೇಡ. ಆದರೆ ಹರವಿಗೆ ದಿನವೂ ನೀರು ತುಂಬಬೇಕಾದಂತೆ ಇದಕ್ಕೂ ಬೆಲೆ ತೆರಬೇಕು: 300 ವ್ಯಾಟ್ ಬಿಸಿಯನ್ನು ಬೆವರಿನಿಂದಲೇ ಕಳೆಯಲು ಗಂಟೆಗೆ ಸುಮಾರು 450 ಗ್ರಾಂ ನೀರು ಮೈಯಿಂದ ಹೋಗುತ್ತದೆ, ಆರು ಗಂಟೆಗೆ ಎರಡೂವರೆ ಲೀಟರ್ ಮೀರುತ್ತದೆ, ಅದು ಮರಳಿ ಸಿಗುವುದಿಲ್ಲ. ಹೊರಗಿನ ಬಿಸಿಲು, ನೆರಳಿನ ಚಳಿ ಮತ್ತು ಸೂಕ್ಷ್ಮ ಉಲ್ಕಾಕಣಗಳಿಂದ ಕಾಯಲು ಮೈಬಿಗಿ ಉಡುಪಿನ ಮೇಲೂ ಸಡಿಲವಾದ ಒಂದು ಮೇಲುಡುಪು ಬೇಕೇ ಬೇಕು. ಅದೂ ಆವಿಯನ್ನು ಹೊರಬಿಡುವಂತಿರಬೇಕು. ಚಿತ್ರಗಳಲ್ಲಿ ಕಾಣುವ ಈಜುಡುಗೆಯಂತಹ ನೋಟವನ್ನು ನಂಬಿ ಭಾರದ ಲೆಕ್ಕ ಹಾಕಬೇಡಿ.

ಇನ್ನು ಕಷ್ಟದ ಕಡೆಗೆ ಬರುತ್ತೇನೆ. ದುಂಡಗಿನ ಅಂಗದ ಸುತ್ತ ಬಿಗಿದ ಬಟ್ಟೆ ಕೊಡುವ ಒತ್ತಡವು ಬಟ್ಟೆಯ ಎಳೆತವನ್ನು ಆ ಅಂಗದ ತ್ರಿಜ್ಯದಿಂದ ಭಾಗಿಸಿದಷ್ಟು ಇರುತ್ತದೆ. ಈ ಒಂದು ಸೂತ್ರದಿಂದ ಇಡೀ ಉಡುಪಿನ ಹಣೆಬರಹ ಓದಬಹುದು. ಒಂಬತ್ತು ಸೆಂಟಿಮೀಟರ್ ತ್ರಿಜ್ಯದ ತೊಡೆಗೆ 222 ಮಿಲಿಮೀಟರ್ ಒತ್ತಡ ಬರಬೇಕಾದರೆ ಬಟ್ಟೆಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಸುಮಾರು 2.7 ಕಿಲೋ ಎಳೆತ ಬೇಕು. ಐದೂವರೆ ಸೆಂಟಿಮೀಟರ್ ತ್ರಿಜ್ಯದ ಮೀನಖಂಡಕ್ಕೆ 1.7 ಕಿಲೋ ಸಾಕು. ಬೆರಳಿಗೆ ಕಾಲು ಕಿಲೋ. ತೊಡೆಯ ಉದ್ದಕ್ಕೆ 40 ಸೆಂಟಿಮೀಟರಿನ ಜಿಪ್ ಇಟ್ಟರೆ ಅದರ ಎರಡು ಅಂಚುಗಳು ಒಟ್ಟು ನೂರು ಕಿಲೋಗೂ ಮೀರಿದ ಬಲದಿಂದ ಬೇರ್ಪಡಲು ಎಳೆಯುತ್ತಿರುತ್ತವೆ. ಜೀನ್ಸ್ ಮನೆಯಿಂದ ಬಂದ ಹುಡುಗಿ ಈ ಲೆಕ್ಕ ಕಂಡು ಒಡನೆ ಹೇಳಿದಳು, "ಇದನ್ನು ಹೊಲಿಯಬಹುದು ಸರ್, ತೊಡುವುದು ಹೇಗೆ?" ವೆಬ್ ಅವರನ್ನು ಕಾಡಿದ್ದೂ ಅದೇ ಪ್ರಶ್ನೆ. ಅವರು ಪದರಗಳಾಗಿ ಒಡೆದದ್ದಕ್ಕೆ ಕಾರಣ, ಒಂದೊಂದು ಪದರವೂ ಒತ್ತಡದ ಒಂದು ಪಾಲನ್ನಷ್ಟೇ ಹೊತ್ತರೆ ತೊಡುವುದು ಸಾಧ್ಯವಾಗುತ್ತದೆ ಎಂಬುದು. ಬೆಲೆಯಾಗಿ ತೊಡುವ ಹೊತ್ತು ಬಹಳವಾಯಿತು.

ಅದೇ ಸೂತ್ರದ ಇನ್ನೊಂದು ಮುಖ ಇನ್ನೂ ಕಠಿಣ. ಮೈ ಎಲ್ಲಿ ಚಪ್ಪಟೆಯೋ ಅಲ್ಲಿ ತ್ರಿಜ್ಯ ಅನಂತ, ಎಷ್ಟು ಎಳೆದರೂ ಒತ್ತಡ ಸೊನ್ನೆ. ಎಲ್ಲಿ ತಗ್ಗೋ ಅಲ್ಲಿ ಬಟ್ಟೆ ಮೈಯನ್ನು ಮುಟ್ಟುವುದೇ ಇಲ್ಲ, ಸೇತುವೆಯಂತೆ ದಾಟಿಬಿಡುತ್ತದೆ. ಕಂಕುಳು, ತೊಡೆಸಂದು, ಬೆನ್ನಿನ ನಡುಗೆರೆ, ಅಂಗೈ, ಮೊಣಕಾಲಿನ ಹಿಂಬದಿ ಇವೆಲ್ಲ ಅಂತಹ ತಗ್ಗುಗಳು. ಅವುಗಳನ್ನು ಮೆತ್ತೆ ಅಥವಾ ದ್ರವ ತುಂಬಿದ ಚೀಲ ಇಟ್ಟು ಉಬ್ಬಾಗಿಸದೆ ಬೇರೆ ದಾರಿಯಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಕುಶಲಕರ್ಮಿಗಳು ಮರದ ಗೊಂಬೆಯ ಸಂದು ತಗ್ಗುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ತುಂಬಿ, ಮೇಲ್ಮೈ ಒಂದಾದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ಇಲ್ಲಿ ಮಾಡಬೇಕಾದ್ದೂ ಅದೇ ಬಗೆಯ ಕೆಲಸ. ಒಂದೇ ವ್ಯತ್ಯಾಸವೆಂದರೆ ಗೊಂಬೆ ಅಲುಗುವುದಿಲ್ಲ, ಮನುಷ್ಯ ತೋಳೆತ್ತಿದ ಕೂಡಲೇ ಕಂಕುಳಿನ ತಗ್ಗು ಬೇರೆಯೇ ಆಕಾರ ತಾಳುತ್ತದೆ.

ಎದೆಯ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮ. ಶ್ವಾಸಕೋಶದೊಳಗೆ 222 ಮಿಲಿಮೀಟರ್ ಒತ್ತಡದ ಆಮ್ಲಜನಕವಿದ್ದು ಎದೆಯ ಮೇಲಿನ ಒತ್ತಡ ಅದಕ್ಕಿಂತ ಕಡಿಮೆಯಾದರೆ ಉಸಿರು ಹೊರಬಿಡುವುದೇ ಕಷ್ಟವಾಗುತ್ತದೆ. ಕಾಲುಗಳ ಮೇಲೆ ಕಡಿಮೆಯಾದರೆ ರಕ್ತ ಅಲ್ಲಿಗೆ ಇಳಿದು ನಿಂತು ತಲೆಸುತ್ತು ಬರುತ್ತದೆ. ಎದೆಯಂತೂ ಪ್ರತಿ ಉಸಿರಿಗೂ ಅಳತೆ ಬದಲಿಸುತ್ತದೆ. ವೆಬ್ ಅವರ ಉಡುಪಿನಲ್ಲೂ ಎದೆಯ ಭಾಗಕ್ಕೆ ಶಿರಸ್ತ್ರಾಣದೊಡನೆ ಕೂಡಿಕೊಂಡ ಗಾಳಿಯ ಚೀಲ ಇತ್ತು. ಪೂರ್ತಿ ಮೈಬಿಗಿ ಎಂದು ಕರೆಯುವ ಉಡುಪಿನಲ್ಲೂ ಗಾಳಿ ಇದ್ದೇ ಇದೆ ಎಂಬುದನ್ನು ಗಮನಿಸಿ.

ಬಟ್ಟೆಯನ್ನು ಆರಿಸುವ ಬಗೆ

ಮೈಬಿಗಿ ಭಾಗಗಳಿಗೆ ಮೂರು ತಂತ್ರಗಳಿವೆ. ಹಿಗ್ಗುವ ಎಲಾಸ್ಟಿಕ್ ಬಟ್ಟೆ ಸುಲಭವಾಗಿ ಸಿಗುತ್ತದೆ, ಆದರೆ ಮೊಣಕಾಲು ಮಡಚಿದಾಗ ಒತ್ತಡ ಏರಿಳಿಯುತ್ತದೆ ಮತ್ತು ಕಾಲಕ್ರಮೇಣ ಸಡಿಲಾಗುತ್ತದೆ. 1940ರ ದಶಕದ ಪೈಲಟ್‌ಗಳ ಉಡುಪಿನಲ್ಲಿದ್ದಂತೆ, ಅಂಗದ ಉದ್ದಕ್ಕೂ ಒಂದು ಸಣ್ಣ ಗಾಳಿಕೊಳವೆ ಇಟ್ಟು ಅದು ಉಬ್ಬಿದಾಗ ಪಟ್ಟಿಗಳು ಬಟ್ಟೆಯನ್ನು ಬಿಗಿಯುವಂತೆ ಮಾಡುವುದು ಎರಡನೆಯದು. ಇದರ ದೊಡ್ಡ ಲಾಭವೆಂದರೆ ಸಡಿಲವಿರುವಾಗ ತೊಟ್ಟು ಆಮೇಲೆ ಬಿಗಿಯಬಹುದು. ಮೂರನೆಯದು ನಿಕಲ್-ಟೈಟಾನಿಯಂ ಮಿಶ್ರಲೋಹದ ಸುರುಳಿಗಳು. ಬಿಸಿಯಾದಾಗ ಇವು ನೆನಪಿನ ಆಕಾರಕ್ಕೆ ಮರಳಿ ಕುಗ್ಗುತ್ತವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನು ಪಟ್ಟಿಯೊಂದರಲ್ಲಿ ಮಾಡಿ ತೋರಿಸಿದರು. ಬಿಸಿ ಆರಿದ ಮೇಲೂ ಬಿಗಿತ ಉಳಿಯುವಂತೆ ಬೀಗ ಹಾಕುವುದು ಇಲ್ಲಿನ ತೊಡಕು. ಮೊದಲ ಪ್ರಯತ್ನಕ್ಕೆ ನಾನು ಎರಡನೆಯದನ್ನೇ ಶಿಫಾರಸು ಮಾಡುತ್ತೇನೆ: ಅದರಲ್ಲಿ ಕೊಳವೆಯ ಒತ್ತಡವನ್ನು ಬದಲಿಸಿ ಬಟ್ಟೆಯ ಒತ್ತಡವನ್ನು ಅಳೆಯಬಹುದು, ತಪ್ಪಾದರೆ ಒಂದು ಕ್ಷಣದಲ್ಲಿ ಸಡಿಲಿಸಬಹುದು.

ತಂತ್ರ ಯಾವುದೇ ಇರಲಿ, ದಾರಗಳು ಓಡುವ ದಿಕ್ಕು ಮುಖ್ಯ. ಆರ್ಥರ್ ಐಬರಾಲ್ ಎಂಬ ವಿಜ್ಞಾನಿ ಕಳೆದ ಶತಮಾನದ ಮಧ್ಯಭಾಗದಲ್ಲಿ ಕಂಡುಕೊಂಡ ಸಂಗತಿಯೊಂದನ್ನು ಎಂಐಟಿಯಲ್ಲಿ ಡಾವಾ ನ್ಯೂಮನ್ ಅವರ ತಂಡ ಬಯೋಸೂಟ್ ಎಂಬ ತನ್ನ ಮೈಬಿಗಿ ಉಡುಪಿನ ವಿನ್ಯಾಸದಲ್ಲಿ ಬೆಳೆಸಿತು. ಅದನ್ನು ನೀವು ಮನೆಯಲ್ಲೇ ಕಣ್ಣಾರೆ ನೋಡಬಹುದು. ಚಾಚಿದ ಮೊಣಕಾಲಿನ ಮೇಲೆ ಒಂದು ರೂಪಾಯಿ ನಾಣ್ಯದ ಸುತ್ತ ಪೆನ್ನಿನಿಂದ ಅಲ್ಲಲ್ಲಿ ವೃತ್ತಗಳನ್ನು ಬರೆಯಿರಿ, ಬಳಿಕ ಕಾಲು ಮಡಚಿ. ವೃತ್ತಗಳು ಅಂಡಾಕಾರವಾಗುತ್ತವೆ: ಒಂದು ದಿಕ್ಕಿನಲ್ಲಿ ಚರ್ಮ ಹಿಗ್ಗಿದೆ, ಅಡ್ಡ ದಿಕ್ಕಿನಲ್ಲಿ ಕುಗ್ಗಿದೆ. ಹೀಗೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿದಲ್ಲಿ, ಎರಡರ ನಡುವೆ ಎಲ್ಲೋ ಉದ್ದ ಬದಲಾಗದ ದಿಕ್ಕು ಇರಲೇಬೇಕು. ಆ ದಿಕ್ಕುಗಳನ್ನು ವೃತ್ತದಿಂದ ವೃತ್ತಕ್ಕೆ ಕೂಡಿಸುತ್ತ ಹೋದರೆ ಮೈಮೇಲೆ ಓರೆಗೆರೆಗಳ ಜಾಲವೊಂದು ಮೂಡುತ್ತದೆ. ಹಿಗ್ಗದ ಗಟ್ಟಿ ದಾರವನ್ನು ಆ ಗೆರೆಗಳ ಮೇಲೆ ಓಡಿಸಿ, ನಡುವಿನ ಜಾಗಕ್ಕೆ ಹಿಗ್ಗುವ ಬಟ್ಟೆ ಇಟ್ಟರೆ, ಭಾರವನ್ನು ದಾರ ಹೊರುತ್ತದೆ, ಚಲನೆಗೆ ಬಟ್ಟೆ ದಾರಿ ಬಿಡುತ್ತದೆ. ನಮ್ಮ ಬಳ್ಳಾರಿಯ ಕೌಲ್‌ಬಜಾರಿನ ಹೊಲಿಗೆಯವರಿಗೆ ಡೆನಿಮ್ಮನ್ನು ನೇರವಾಗಿ ಎಳೆದರೆ ಹಿಗ್ಗದು, ಓರೆಯಾಗಿ ಎಳೆದರೆ ಹಿಗ್ಗುತ್ತದೆ ಎಂಬುದು ಕೈಗೇ ಗೊತ್ತಿದೆ. ಆ ಕೈಯ ಅರಿವು ಇಲ್ಲದೆ ಕಂಪ್ಯೂಟರಿನ ಚಿತ್ರವೊಂದರಿಂದಲೇ ಈ ಉಡುಪು ಆಗುತ್ತದೆಂದು ನಾನು ನಂಬುವುದಿಲ್ಲ. ಹೊಲಿಗೆಯ ಬಗ್ಗೆಯೂ ಅವರು ಎಚ್ಚರಿಸಿದರು: ಜೀನ್ಸಿನ ಪಕ್ಕದಲ್ಲಿ ಬರುವ ಮಡಿಕೆ ಹೊಲಿಗೆ ಇಲ್ಲಿ ಸಲ್ಲದು, ಆ ಒತ್ತಡದಲ್ಲಿ ಅದರ ದಪ್ಪಂಚು ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ಅಂಚಿಗೆ ಅಂಚು ಕೂಡುವ ಚಪ್ಪಟೆ ಹೊಲಿಗೆಯೇ ಬೇಕು.

ಯಾರಿಗೆ ಯಾವುದು

ಇಂದೇ ಕಕ್ಷೆಗೆ ಹೋಗಬೇಕಾದ ಉಡುಪು ಬೇಕಿದ್ದರೆ ಗಾಳಿ ತುಂಬಿದ ಉಡುಪಿಗೆ ಎದುರಾಳಿಯಿಲ್ಲ. ಮಂಗಳದಂತಹ ಕಡೆ ದಿನವೂ ಮೈಲಿಗಟ್ಟಲೆ ನಡೆದು, ಬಾಗಿ, ಕಲ್ಲು ಹೆಕ್ಕಬೇಕಾದವರಿಗೆ ಬಿಗಿ ಬಟ್ಟೆಯ ಕಾಲು ಮತ್ತು ತೋಳು ಬೇಕು. ಅಲ್ಲಿನ ಗುರುತ್ವದಲ್ಲಿ ನೂರು ಕಿಲೋದ ಉಡುಪು ದಿನದಿನವೂ ಹೊರುವಂಥದ್ದಲ್ಲ. ಈ ಎರಡರ ನಡುವೆ ನನ್ನ ತೀರ್ಮಾನ ಮಿಶ್ರ ಉಡುಪಿನ ಕಡೆಗಿದೆ. ಎದೆ, ಕಂಕುಳು, ತೊಡೆಸಂದುಗಳೆಂಬ ಕಷ್ಟದ ಜಾಗಗಳನ್ನೆಲ್ಲ ಗಾಳಿಯ ಮುಂಡಕ್ಕೆ ಬಿಟ್ಟುಕೊಟ್ಟು, ಸೂತ್ರ ನಮಗೆ ಅನುಕೂಲವಾಗಿರುವ ದುಂಡಗಿನ ಸಣ್ಣ ಅಂಗಗಳನ್ನು ಬಟ್ಟೆಗೆ ಒಪ್ಪಿಸುವುದು ನ್ಯಾಯವಾದ ಹಂಚಿಕೆ. ಗಾಳಿ ಮತ್ತು ಬಟ್ಟೆ ಸೇರುವ ಗಡಿಯಲ್ಲಿ, ತೊಡೆಯ ಮೇಲ್ಭಾಗದಲ್ಲಿ, ಸೋರದ ಪಟ್ಟಿ ಮಾಡುವುದು ಹೊಸ ತೊಂದರೆ ಎಂಬುದೂ ನಿಜ. ನೌಕೆಯಿಂದ ಹೊರಗೆ ಹೋಗುವ ಮುನ್ನ ಮೈಯಲ್ಲಿನ ಸಾರಜನಕ ಕಳೆಯಲು ಶುದ್ಧ ಆಮ್ಲಜನಕ ಉಸಿರಾಡಬೇಕಾದ ಕಾಲ ಮೈಬಿಗಿ ಉಡುಪು ತೊಟ್ಟರೆ ಕಡಿಮೆಯಾಗುತ್ತದೆ ಎಂಬ ನಂಬಿಕೆಯನ್ನು ಮಾತ್ರ ಬಿಡಿ. ರಕ್ತದಲ್ಲಿ ಸಾರಜನಕದ ಗುಳ್ಳೆಯೇಳುವುದನ್ನು ನಿರ್ಧರಿಸುವುದು ಒತ್ತಡದ ಮಟ್ಟ, ಅದನ್ನು ಕೊಟ್ಟದ್ದು ಗಾಳಿಯೋ ಬಟ್ಟೆಯೋ ಎಂಬುದಲ್ಲ. ಓರ್ಲಾನಿನಂತೆ ಒತ್ತಡ ಏರಿಸಿದರೆ ಆ ಕಾಲ ತಗ್ಗುತ್ತದೆ, ಆದರೆ ಬಟ್ಟೆಯ ಎಳೆತವೂ ಅಷ್ಟೇ ಪಾಲು ಏರುತ್ತದೆ.

ವಿದ್ಯಾರ್ಥಿಗಳು ಮೀನಖಂಡದಿಂದ ಮೊದಲುಮಾಡಲಿ. ಅದಕ್ಕೆ ನಿರ್ವಾತ ಕೊಠಡಿ ಬೇಕಾಗಿಲ್ಲ. ಬಟ್ಟೆ ಕೊಡುವ ಒತ್ತಡವನ್ನು ಕೋಣೆಯ ಗಾಳಿಯಲ್ಲೇ ಅಳೆಯಬಹುದು. ಮರದ ಅಥವಾ ಪ್ಲಾಸ್ಟರಿನ ಕಾಲೊಂದನ್ನು ಮಾಡಿ, ಅದರ ಮತ್ತು ಬಟ್ಟೆಯ ನಡುವೆ ಮಕ್ಕಳ ರಕ್ತದೊತ್ತಡ ಅಳೆಯುವ ಚಿಕ್ಕ ಪಟ್ಟಿಯನ್ನು ಸ್ವಲ್ಪವೇ ಗಾಳಿ ತುಂಬಿ ಇಟ್ಟು, ಮಾಪಕದ ಏರಿಕೆಯನ್ನು ಬರೆದುಕೊಳ್ಳಿ. ಒಂದು ಮಾತನ್ನು ಬೇಡಿಕೊಂಡು ಹೇಳುತ್ತೇನೆ: ಈ ಬಟ್ಟೆಯನ್ನು ಪೂರ್ತಿ ಬಿಗಿತದಲ್ಲಿ ಯಾರ ಕಾಲಿಗೂ ತೊಡಿಸಬೇಡಿ. ನಿರ್ವಾತದಲ್ಲಿ ಶ್ವಾಸಕೋಶದ ಒಳಗೂ ಚರ್ಮದ ಮೇಲೂ ಒಂದೇ 222 ಮಿಲಿಮೀಟರ್ ಇರುವುದರಿಂದ ರಕ್ತ ಹರಿಯುತ್ತದೆ. ನೆಲದ ಮೇಲೆ ಅದೇ ಒತ್ತಡ ಕಾಲಿಗೆ ಮಾತ್ರ ಬೀಳುತ್ತದೆ. ಹೃದಯ ತಳ್ಳುವ ಒತ್ತಡ 120ರ ಆಸುಪಾಸಿನದು. ಕಾಲಿಗೆ ರಕ್ತ ಹೋಗುವುದೇ ನಿಂತುಬಿಡುತ್ತದೆ.

ನಮ್ಮ ತಂಡ ಈಗ ಮರದ ಕಾಲಿನ ಮೇಲೆ ಸುತ್ತಲೂ ಎಂಟು ಕಡೆ ಅಳತೆ ತೆಗೆದಿದೆ. ಹಿಂಭಾಗದ ದುಂಡು ಸ್ನಾಯುವಿನ ಮೇಲೆ ಒತ್ತಡ ಗುರಿಯ ಹತ್ತಿರ ಬಂದಿದೆ, ಮುಂಭಾಗದ ಮೂಳೆಯ ಚೂಪಂಚಿನಲ್ಲಿ ಮಿತಿಮೀರಿದೆ, ಅದರ ಒಳಬದಿಯ ಚಪ್ಪಟೆ ಜಾಗದಲ್ಲಿ ಬಹಳ ಕಡಿಮೆಯಿದೆ. ಸೂತ್ರ ಹೇಳಿದಂತೆಯೇ ಆಗಿದೆ. ಆ ಚಪ್ಪಟೆ ಜಾಗಕ್ಕೆ ಇಡುವ ಮೆತ್ತೆಯ ದಪ್ಪ ಎಷ್ಟಿರಬೇಕೆಂದು ಹುಡುಗಿ ಮತ್ತು ಅವಳ ತಂದೆ ಡೆನಿಮ್ಮಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದಾರೆ.